ಗುರಿ ಕಳೆದುಕೊಂಡ ರೈಫಲ್ ಮತ್ತು ಒಂದು ಟಾರ್ಕ್ ಸ್ಕ್ರೂಡ್ರೈವರ್: ವೀಲರ್ ಫ್ಯಾಟ್ ರೆಂಚ್ ವಿಮರ್ಶೆ

ವೀಲರ್ ಫ್ಯಾಟ್ ರೆಂಚ್ ಎಂಬ ಈ ಉಪಕರಣ ಮೊದಲ ನೋಟಕ್ಕೆ ದಪ್ಪ ಹಿಡಿಯ ಸಾಮಾನ್ಯ ಸ್ಕ್ರೂಡ್ರೈವರ್‌ನಂತೆಯೇ ಕಾಣುತ್ತದೆ. ಸ್ಕ್ರೂವನ್ನು ಎಷ್ಟು ಬಿಗಿ ಮಾಡಬೇಕೆಂದು ಮೊದಲೇ ಹೊಂದಿಸಿಟ್ಟರೆ, ಆ ಬಿಗಿ ತಲುಪಿದೊಡನೆ ಅದು ಟಕ್ಕೆಂದು ಜಾರಿ, ಇನ್ನು ಸಾಕೆಂದು ಕೈಗೆ ತಿಳಿಸುತ್ತದೆ. ಅದರ ಕೆಲಸ ಇಷ್ಟೇ. ಹೆಸರಿನಲ್ಲಿರುವ ಎಫ್, ಎ, ಟಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಬಿಡಿಸಿದರೆ ಫೈರ್‌ಆರ್ಮ್ಸ್ ಆಕ್ಯುರೈಸಿಂಗ್ ಟಾರ್ಕ್ ಎಂದಾಗುತ್ತದೆ, ಅಂದರೆ ಬಂದೂಕಿನ ಗುರಿಯನ್ನು ಕರಾರುವಾಕ್ಕಾಗಿಸುವ ಬಿಗಿ ಎಂಬ ಅರ್ಥ ಬರುತ್ತದೆ. ಹೆಸರು ಹೇಳಿಕೊಳ್ಳುವಷ್ಟು ದೊಡ್ಡ ಕೆಲಸವನ್ನು ಅದು ಮಾಡುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಒಂದು ವರ್ಷ ನನ್ನನ್ನು ಕಾಡಿದ ರೈಫಲ್‌ನ ರೋಗ ಪತ್ತೆಯಾದದ್ದು ಇದು ಕೈಗೆ ಬಂದ ಮೇಲೆಯೇ; ಅದೂ ಇದು ಸರಿಯಾಗಿ ಕೆಲಸ ಮಾಡಿದ್ದರಿಂದಷ್ಟೇ ಅಲ್ಲ, ಇದರ ಅಳತೆ ಒಂದು ಜಾಗದಲ್ಲಿ ಏನನ್ನೂ ಹೇಳಲಾರದೆ ಹೋದದ್ದರಿಂದ.

ನಾನು ಕೊಡಗಿನವನು, ಈಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ್ದೇನೆ. ಊರಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಎಂಬ ಹೂವನ್ನು ಇಟ್ಟು ಪೂಜಿಸಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ಕಂಡು, ಹೊಡೆದು ಬೆಳೆದವರಿಗೆ ಕೋವಿ ಹೊಸದಲ್ಲ. ಆದರೆ ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆಯೆಂಬುದು ಹಿರಿಯರ ಬಾಯಲ್ಲಿ ಮಾತ್ರ ಉಳಿದಿದೆ, ಸ್ಪರ್ಧೆಗಳಲ್ಲಿ ಬಳಸುವ 0.22 ಮತ್ತು 12 ಬೋರ್ ಕೋವಿಗಳಿಗೆ ಸ್ಕೋಪ್, ಅಂದರೆ ಗುರಿ ಹಿಡಿಯುವ ದುರ್ಬೀನು, ಹಾಕುವ ರೂಢಿಯೂ ಇಲ್ಲ. ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಶನಿವಾರ ರೈಫಲ್‌ನಿಂದ ಜಿಂಕೆ ಬೇಟೆಯಾಡುವ ಋತು ಆರಂಭವಾಗುತ್ತದೆ. ಶಿಕ್ಷಣ ಶಿಬಿರ ಮುಗಿಸಿ, ಪರವಾನಗಿ ಪಡೆದು, ತಲೆಗೂ ಎದೆಗೂ ಬೆನ್ನಿಗೂ ಒಟ್ಟು 250 ಚದರ ಇಂಚು ಹೊಳೆಯುವ ಕಿತ್ತಳೆ ಬಣ್ಣದ ಬಟ್ಟೆ ತೊಟ್ಟು ಕಾಡಿಗೆ ಹೋಗಬೇಕು. ಅದಕ್ಕೆಂದು ನಾನು ಕೊಂಡದ್ದು .308 ವಿಂಚೆಸ್ಟರ್ ತೋಟಾದ, ಮರದ ಹಿಡಿಯ, ಹಳೆಯದೊಂದು ಬೋಲ್ಟ್ ಆಕ್ಷನ್ (ಬೋಲ್ಟ್ ಎಂಬ ಅಗುಳಿಯನ್ನು ಕೈಯಿಂದ ಎಳೆದು ತೋಟಾ ತುಂಬುವ) ರೈಫಲ್. ಮಾರಿದ ಅಂಗಡಿಯವರು ಸ್ಕೋಪನ್ನೂ ತಾವೇ ಕೂರಿಸಿ, ಗುರಿಯನ್ನು ಅಂದಾಜಿಗೆ ಹೊಂದಿಸಿ ಕೊಟ್ಟಿದ್ದರು. ಆ ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಮೊದಲ ದಿನ 100 ಗಜದಲ್ಲಿ ಹೊಡೆದ ಮೂರು ಗುಂಡುಗಳು ಒಂದೂವರೆ ಇಂಚಿನೊಳಗೆ ಬಿದ್ದವು, ನಾನು ಸಂತೋಷದಿಂದ ಮನೆಗೆ ಬಂದೆ. ಇದೇ ನನ್ನ ಮೊದಲ ತಪ್ಪು. ಮೂರು ಗುಂಡುಗಳ ಗುಂಪು ಒಳ್ಳೆಯದಾಗಿ ಬರಲು ರೈಫಲ್ ಒಳ್ಳೆಯದಿರಬೇಕೆಂದೇನೂ ಇಲ್ಲ, ಅದೃಷ್ಟ ಒಳ್ಳೆಯದಿದ್ದರೂ ಸಾಕು. ಹತ್ತು ಗುಂಡು ಹೊಡೆದು ನೋಡುವವರೆಗೆ ರೈಫಲ್ ತನ್ನ ನಿಜವನ್ನು ಹೇಳುವುದಿಲ್ಲ. ಆ ನವೆಂಬರಿನಲ್ಲಿ ಸುಮಾರು 80 ಗಜ ದೂರದಲ್ಲಿ ಪಕ್ಕಕ್ಕೆ ತಿರುಗಿ ನಿಂತಿದ್ದ ಜಿಂಕೆಗೆ ಹೊಡೆದ ಗುಂಡು ತಪ್ಪಿತು. ರಕ್ತವಿರಲಿ, ಒಂದು ಕೂದಲೂ ನೆಲದಲ್ಲಿ ಸಿಗಲಿಲ್ಲ. ಎರಡು ಗಂಟೆ ಹುಡುಕಿ, ಪ್ರಾಣಿಗೆ ಗಾಯವಾಗಿಲ್ಲವೆಂದು ಖಚಿತಪಡಿಸಿಕೊಂಡು ಹಿಂದಿರುಗಿದೆ. ಜಿಂಕೆಯ ಹೃದಯ ಮತ್ತು ಶ್ವಾಸಕೋಶವಿರುವ ಭಾಗ ಸುಮಾರು ಎಂಟು ಇಂಚು ಅಗಲವಿರುತ್ತದೆ. ಅಷ್ಟು ಹತ್ತಿರದಿಂದ ಅದು ತಪ್ಪಬೇಕಾದರೆ ದೋಷ ಸಣ್ಣದಾಗಿರಲು ಸಾಧ್ಯವಿರಲಿಲ್ಲ.

ಗುರಿಕಟ್ಟೆಗೆ ಹಿಂದಿರುಗಿ ಹತ್ತು ಗುಂಡು ಹೊಡೆದಾಗ ಕಾಗದದ ಮೇಲಿನ ತೂತುಗಳ ಹರವು ಐದೂವರೆ ಇಂಚು ಬಂತು. ಅಲ್ಲಿಂದ ಮುಂದೆ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಎರಡು ಗುಂಡು ಎಡಕ್ಕೆ ಬಿದ್ದರೆ ಸ್ಕೋಪಿನ ಗುಂಡಿಯನ್ನು ಬಲಕ್ಕೆ ತಿರುಗಿಸುವುದು, ಮತ್ತೆರಡು ಬಲಕ್ಕೆ ಬಿದ್ದರೆ ಎಡಕ್ಕೆ ತಿರುಗಿಸುವುದು, ಹೀಗೆ ಸಂಜೆಯವರೆಗೂ ನಡೆಯಿತು. ನಂತರದ ವಾರಗಳಲ್ಲಿ 150 ಗ್ರೇನ್ (ಗುಂಡಿನ ತೂಕದ ಅಳತೆ) ತೂಕದ ಗುಂಡು ಹೊಂದುತ್ತಿಲ್ಲವೆಂದು 165ರದನ್ನು ತಂದೆ, ಅದೂ ಆಗಲಿಲ್ಲವೆಂದು 180ರದನ್ನು ತಂದೆ. ಇಪ್ಪತ್ತು ತೋಟಾಗಳ ಒಂದು ಪೆಟ್ಟಿಗೆಗೆ 35ರಿಂದ 40 ಡಾಲರ್ ಕೊಟ್ಟು ನಾಲ್ಕು ಪೆಟ್ಟಿಗೆ ಖಾಲಿ ಮಾಡಿದ ಮೇಲೆ, 60 ಡಾಲರಿನ ಉಪಕರಣವೊಂದನ್ನು ದುಬಾರಿಯೆಂದು ಎರಡು ಸಲ ಅಂಗಡಿಯಲ್ಲೇ ಬಿಟ್ಟು ಬಂದಿದ್ದೆನೆಂಬುದು ನೆನಪಾಗಿ ನಾಚಿಕೆಯಾಯಿತು. ಒಂದೊಂದು ರೈಫಲ್‌ಗೆ ಒಂದೊಂದು ತೋಟಾ ಹಿಡಿಸುತ್ತದೆಂಬುದು ನಿಜವೇ. ಆದರೆ ಆ ವ್ಯತ್ಯಾಸ ಸಾಮಾನ್ಯವಾಗಿ ಒಂದೆರಡು ಇಂಚಿನದು. ಮೂರು ಬಗೆಯ ಗುಂಡುಗಳೂ ಐದು ಇಂಚಿನ ಮೇಲೆ ಹರಡುತ್ತಿದ್ದರೆ ಗುಂಡನ್ನು ದೂರುವುದರಲ್ಲಿ ಅರ್ಥವಿಲ್ಲ.

ಆ ಕಾಗದಗಳನ್ನು ಎಸೆಯದೆ ಇಟ್ಟುಕೊಂಡದ್ದು ಮಾತ್ರ ಒಳ್ಳೆಯದಾಯಿತು, ಏಕೆಂದರೆ ತೂತುಗಳು ಬಿದ್ದಿರುವ ಬಗೆಯೇ ಅರ್ಧ ರೋಗವನ್ನು ಹೇಳುತ್ತದೆ. ನಳಿಗೆ ಬಿಸಿಯಾದಂತೆ ಗುಂಡುಗಳು ಒಂದೇ ದಿಕ್ಕಿಗೆ ಸಾಲಾಗಿ ಸರಿಯುತ್ತ ಹೋದರೆ ಮರದ ಹಿಡಿಯ ಮುಂಭಾಗ ನಳಿಗೆಯನ್ನು ಒತ್ತುತ್ತಿದೆಯೇ ಎಂದು ನೋಡಬೇಕು. ಮೇಲೆ ಕೆಳಗೆ ಉದ್ದವಾಗಿ ಹರಡಿದರೆ ರೈಫಲ್‌ಗೆ ಕೊಟ್ಟ ಆಸರೆಯನ್ನೂ ತೋಟಾದ ವೇಗದ ಏರುಪೇರನ್ನೂ ಅನುಮಾನಿಸಬೇಕು. ಗೊತ್ತುಗುರಿಯಿಲ್ಲದೆ ಎಲ್ಲ ಕಡೆ ಚೆಲ್ಲಿದ್ದರೆ ಹೊಡೆಯುವವನ ಹೆಗಲನ್ನೂ ನಳಿಗೆಯ ಬಾಯಂಚನ್ನೂ ಪರೀಕ್ಷಿಸಬೇಕು. ನನ್ನ ಕಾಗದಗಳಲ್ಲಿ ಕಂಡದ್ದು ಬೇರೆ. ಎರಡು ಪ್ರತ್ಯೇಕ ಗುಂಪುಗಳಿದ್ದವು, ಒಂದಕ್ಕೊಂದು ಸುಮಾರು ಮೂರು ಇಂಚು ದೂರದಲ್ಲಿ, ಮತ್ತು ಪ್ರತಿ ಗುಂಪೂ ತನ್ನಷ್ಟಕ್ಕೆ ತಾನು ಸಾಕಷ್ಟು ಚಿಕ್ಕದೇ ಆಗಿತ್ತು. ಹೀಗೆ ಎರಡು ಗುಂಪು ಬಿತ್ತೆಂದರೆ ಎಲ್ಲೋ ಏನೋ ಎರಡು ಸ್ಥಾನಗಳ ನಡುವೆ ಓಲಾಡುತ್ತಿದೆ ಎಂದರ್ಥ. ಸ್ಕೋಪಿನ ಒಳಗಿನ ಭಾಗ ಇರಬಹುದು, ಸ್ಕೋಪನ್ನು ಹಿಡಿದಿರುವ ರಿಂಗ್ ಇರಬಹುದು, ರಿಂಗ್ ಕೂತಿರುವ ಬೇಸ್ ಇರಬಹುದು, ಇಲ್ಲವೇ ರೈಫಲ್‌ನ ಉಕ್ಕನ್ನು ಮರದ ಹಿಡಿಗೆ ಬಿಗಿದಿರುವ ಆಕ್ಷನ್ ಸ್ಕ್ರೂಗಳಿರಬಹುದು. ಈ ನಾಲ್ಕರಲ್ಲಿ ಮೂರು ಸ್ಕ್ರೂಗಳ ವಿಷಯವೇ ಆದ್ದರಿಂದ ಕೊನೆಗೂ ಫ್ಯಾಟ್ ರೆಂಚ್ ಕೊಂಡೆ.

ಉಪಕರಣದ ವಿವರಕ್ಕೆ ಬರುತ್ತೇನೆ. ಇದು 10ರಿಂದ 65 ಇಂಚ್-ಪೌಂಡ್ ವರೆಗಿನ ಬಿಗಿಯನ್ನು ಅಳೆಯುತ್ತದೆ. ಭಾರತದಲ್ಲಿ ನ್ಯೂಟನ್ ಮೀಟರಿನ ಲೆಕ್ಕ ಕಲಿತವರಿಗೆ ಹೇಳುವುದಾದರೆ ಒಂದು ಇಂಚ್-ಪೌಂಡ್ ಎಂದರೆ 0.113 ನ್ಯೂಟನ್ ಮೀಟರ್. ಅಂದರೆ ಇದರ ವ್ಯಾಪ್ತಿ ಸುಮಾರು 1.1ರಿಂದ 7.3ರವರೆಗೆ. ಕಾರಿನ ಚಕ್ರದ ನಟ್ಟುಗಳಿಗೆ ಬಳಸುವ ಟಾರ್ಕ್ ರೆಂಚ್ ಇಷ್ಟು ಸಣ್ಣ ಬಿಗಿಯನ್ನು ಗುರುತಿಸುವುದೇ ಇಲ್ಲ. ಕಾಲಿಂಚಿನ ಸಾಮಾನ್ಯ ಷಡ್ಭುಜ ಬಿಟ್‌ಗಳೆಲ್ಲ ಇದಕ್ಕೆ ಹೊಂದುತ್ತವೆ. ಹಿಡಿ ದಪ್ಪಗಿದ್ದು ಅಂಗೈ ತುಂಬುತ್ತದೆ. ಬೆವರಿದ ಕೈಯಲ್ಲೂ ಜಾರುವುದಿಲ್ಲ.

ಕೆಲಸ ಆರಂಭಿಸುವ ಮುಂಚೆ ರೈಫಲ್‌ನಲ್ಲಿ ತೋಟಾ ಇಲ್ಲವೆಂಬುದನ್ನು ಎರಡು ಸಲ ನೋಡಿ, ಬೋಲ್ಟನ್ನು ಹೊರಗೆ ತೆಗೆದಿಟ್ಟು, ಮೊದಲು ಆಕ್ಷನ್ ಸ್ಕ್ರೂಗಳನ್ನು ಪರೀಕ್ಷಿಸಿದೆ. ಮುಂದಿನದು ಇಪ್ಪತ್ತು ಇಂಚ್-ಪೌಂಡ್ ಇರುವಾಗಲೇ ಸುಲಭವಾಗಿ ತಿರುಗಿತು. ಮರದ ಹಿಡಿ ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುವುದರಿಂದ ಈ ಸ್ಕ್ರೂಗಳು ತಾವಾಗಿಯೇ ಸಡಿಲಾಗುತ್ತವೆ, ಹಾಗೆಂದು ಶಕ್ತಿಯಿದ್ದಷ್ಟೂ ಬಿಗಿದರೆ ಮರವೇ ಜಜ್ಜಿಹೋಗುತ್ತದೆ. ಒಳಗೆ ಅಲ್ಯೂಮಿನಿಯಮ್ ಕಂಬಗಳಿರುವ ಹಿಡಿಗಳು ತಾಳುವ 65ರ ಬಿಗಿಯನ್ನು ಬರಿಯ ಮರ ತಾಳುವುದಿಲ್ಲ. ನನ್ನ ರೈಫಲ್ ಬರಿಯ ಮರದ್ದಾದ್ದರಿಂದ 35ಕ್ಕೆ ಹೊಂದಿಸಿ, ರೈಫಲನ್ನು ಹಿಡಿಯ ಬುಡದ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು, ಉಕ್ಕಿನ ಭಾಗ ಹಿಂದಕ್ಕೆ ಸರಿದು ತನ್ನ ಜಾಗದಲ್ಲಿ ಕೂರುವಂತೆ ಮಾಡಿ, ಮೊದಲು ಮುಂದಿನ ಸ್ಕ್ರೂವನ್ನೂ ಆಮೇಲೆ ಹಿಂದಿನದನ್ನೂ ಬಿಗಿದೆ. ಡಾಲರ್ ನೋಟೊಂದನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ ಎಳೆದು ನೋಡಿದಾಗ ಅದು ಎಲ್ಲೂ ತಡೆಯದೆ ಸರಾಗವಾಗಿ ಬಂತು. ಇಷ್ಟು ಮಾಡಿ, ಬೇರೇನನ್ನೂ ಮುಟ್ಟದೆ, ಗುರಿಕಟ್ಟೆಗೆ ಹೋದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ಈ ಶಿಸ್ತು ಬೇಸರದ್ದು, ಪೆಟ್ರೋಲಿಗೂ ತೋಟಾಕ್ಕೂ ಖರ್ಚು ತರುವಂಥದ್ದು. ಆದರೆ ಮೂರನ್ನು ಒಟ್ಟಿಗೆ ಬಿಗಿದು ರೈಫಲ್ ಸರಿಯಾದರೆ ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲ, ಮುಂದಿನ ವರ್ಷ ಮತ್ತೆ ಕೆಟ್ಟಾಗ ಹುಡುಕಾಟವನ್ನು ಮೊದಲಿನಿಂದ ನಡೆಸಬೇಕಾಗುತ್ತದೆ. ಹತ್ತು ಗುಂಡುಗಳ ಹರವು ಐದೂವರೆಯಿಂದ ನಾಲ್ಕೂವರೆಗೆ ಇಳಿದಿತ್ತು. ಎರಡು ಗುಂಪುಗಳು ಮಾತ್ರ ಹಾಗೆಯೇ ಇದ್ದವು.

ಮುಂದಿನ ವಾರ ಸ್ಕೋಪನ್ನು ಬಿಚ್ಚಿದೆ. ರಿಂಗ್‌ಗಳ ಮೇಲಿನ ಸ್ಕ್ರೂಗಳಲ್ಲಿ ಒಂದು ಬದಿಯವು ಅತಿಯಾಗಿ ಬಿಗಿಯಾಗಿದ್ದವು, ಇನ್ನೊಂದು ಬದಿಯವು ಬೆರಳಿಗೇ ತಿರುಗುವಂತಿದ್ದವು. ಸ್ಕೋಪಿನ ಕೊಳವೆಯ ಮೇಲೆ ರಿಂಗ್ ಅಂಚಿನ ಗೀರು ಮೂಡಿತ್ತು. ಇಲ್ಲಿ ಫ್ಯಾಟ್ ರೆಂಚಿನ ಬೆಲೆ ತಿಳಿಯುತ್ತದೆ. ಎಲ್ ಆಕಾರದ ಆಲನ್ ಕೀಯಿಂದ ಬಿಗಿಯುವವರ ಕೈಗೆ ಹದಿನೆಂಟು ಇಂಚ್-ಪೌಂಡಿಗೂ ಮೂವತ್ತಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ತನ್ನ ಕೈ ಅಂದಾಜಿನ ಬಗ್ಗೆ ಹೆಮ್ಮೆಪಡುವವರು ಈ ಉಪಕರಣವನ್ನು ಹತ್ತಕ್ಕೆ ಹೊಂದಿಸಿ ಒಮ್ಮೆ ತಿರುಗಿಸಿ ನೋಡಲಿ, ಅದು ಎಷ್ಟು ಬೇಗ ಜಾರುತ್ತದೆಂದು ಆಶ್ಚರ್ಯಪಡುತ್ತಾರೆ. ರಿಂಗ್ ತಯಾರಕರು ಹೇಳಿದಂತೆ 18ಕ್ಕೆ ಹೊಂದಿಸಿ, ಎಣ್ಣೆಯನ್ನೆಲ್ಲ ಒರೆಸಿ, ಒಂದು ಸ್ಕ್ರೂವಿನಿಂದ ಅದರ ಕರ್ಣಕ್ಕಿರುವ ಸ್ಕ್ರೂವಿಗೆ ಹೋಗುತ್ತ, ಮೂರು ಸುತ್ತಿನಲ್ಲಿ ಸಮನಾಗಿ ಬಿಗಿಯಬೇಕೆಂದು ಯೋಜಿಸಿದೆ. ಎಣ್ಣೆ ಒರೆಸುವುದು ಮಡಿವಂತಿಕೆಯಲ್ಲ: ತಯಾರಕರು ಹೇಳುವ ಅಂಕಿ ಸ್ಕ್ರೂವಿನ ಒಣಗಿದ ಮರೆಗಳಿಗೆ, ಅಂದರೆ ಅದರ ಮೈಮೇಲಿನ ಸುರುಳಿ ಗೆರೆಗಳಿಗೆ, ಸಂಬಂಧಿಸಿದ್ದು, ಎಣ್ಣೆಯಿದ್ದರೆ ಘರ್ಷಣೆ ಕಡಿಮೆಯಾಗಿ ಅದೇ 18ಕ್ಕೆ ಹಿಡಿತ ಬೇಕಾದ್ದಕ್ಕಿಂತ ಹೆಚ್ಚಾಗುತ್ತದೆ.

ಆದರೆ ರಿಂಗ್ ಕೂರಿಸುವ ಮುಂಚೆ ಅದರ ಕೆಳಗಿನ ಬೇಸ್‌ಗಳನ್ನು ನೋಡಬೇಕಿತ್ತು. ನನ್ನ ರೈಫಲ್‌ಗೆ ಮುಂದೊಂದು ಹಿಂದೊಂದು ಹೀಗೆ ಎರಡು ಬೇಸ್, ಒಂದೊಂದಕ್ಕೂ ಎರಡೆರಡು ಸ್ಕ್ರೂ. ಬೇಸ್‌ಗೆ ಹೇಳಿದ್ದ ಬಿಗಿ 20. ನಾಲ್ಕು ಸ್ಕ್ರೂಗಳ ಮೇಲೂ ಉಪಕರಣ ಇಟ್ಟು ತಿರುಗಿಸಿದೆ. ನಾಲ್ಕೂ ಟಕ್ಕೆಂದವು. ಅಂದರೆ ಬೇಸ್ ಸರಿಯಾಗಿದೆಯೆಂದು ಉಪಕರಣ ಸಾಕ್ಷಿ ಹೇಳಿತು, ನಾನೂ ನಂಬಿದೆ. ರಿಂಗ್‌ಗಳನ್ನು ಬಿಗಿದು ಹೋಗಿ ಹೊಡೆದೆ. ಎರಡು ಗುಂಪುಗಳು, ಮೂರು ಇಂಚಿನ ಅಂತರ.

ಆ ದಿನ ಪಕ್ಕದ ಮೇಜಿನಲ್ಲಿದ್ದ ಹಿರಿಯರೊಬ್ಬರು ನನ್ನ ಕಾಗದವನ್ನು ದುರ್ಬೀನಿನಲ್ಲಿ ನೋಡಿ, ಬೇಸ್‌ನ ಸ್ಕ್ರೂಗಳನ್ನು ಹೊರಗೆ ತೆಗೆದು ಅವುಗಳ ತುದಿ ನೋಡಿದ್ದೀರಾ ಎಂದು ಕೇಳಿದರು. ನೋಡಿರಲಿಲ್ಲ. ಮನೆಗೆ ಬಂದು ತೆಗೆದಾಗ ಮುಂದಿನ ಬೇಸ್‌ನ ಮೊದಲ ಸ್ಕ್ರೂವಿನ ತುದಿ ಕನ್ನಡಿಯಂತೆ ಹೊಳೆಯುತ್ತಿತ್ತು. ಆ ಸ್ಕ್ರೂ ಅಗತ್ಯಕ್ಕಿಂತ ಉದ್ದವಾಗಿದ್ದು, ಬೇಸನ್ನು ಅದುಮುವ ಮೊದಲೇ ಅದರ ತುದಿ ಒಳಗಿನ ನಳಿಗೆಯ ಬುಡಕ್ಕೆ ತಾಗಿ ನಿಂತುಬಿಡುತ್ತಿತ್ತು. ಆ ಒಂದೇ ಸ್ಕ್ರೂ ಹಾಕಿ ಉಳಿದದ್ದನ್ನು ಬಿಟ್ಟು 20ಕ್ಕೆ ಬಿಗಿದು ನೋಡಿದೆ. ಉಪಕರಣ ಟಕ್ಕೆಂದ ಮೇಲೂ ಬೇಸನ್ನು ಬೆರಳಿನಿಂದ ಅಲ್ಲಾಡಿಸಲು ಆಗುತ್ತಿತ್ತು. ಅಂಗಡಿಯಲ್ಲಿ ಸ್ಕ್ರೂಗಳು ಅದಲುಬದಲಾಗಿದ್ದವೆಂಬುದು ಹಿಂದಿನ ಬೇಸನ್ನು ಬಿಚ್ಚಿದಾಗ ಸ್ಪಷ್ಟವಾಯಿತು: ಮುಂದಕ್ಕೆ ಇರಬೇಕಾಗಿದ್ದ ಗಿಡ್ಡ ಸ್ಕ್ರೂ ಅಲ್ಲಿ ಕೆಲವೇ ಮರೆಗಳನ್ನು ಹಿಡಿದುಕೊಂಡು ಕೂತಿತ್ತು. ಈ ಸ್ಕ್ರೂಗಳಿಗೆ ಒಂದು ಇಂಚಿಗೆ 48 ಮರೆಗಳು. ಒಂದು ಮರೆ ಎಂದರೆ ಸುಮಾರು ಅರ್ಧ ಮಿಲಿಮೀಟರ್. ಅಷ್ಟು ಉದ್ದ ಹೆಚ್ಚಾದರೂ ಸ್ಕ್ರೂ ಒಂದು ಪೂರ್ತಿ ಸುತ್ತು ಮೊದಲೇ ನಿಂತುಬಿಡುತ್ತದೆ.

ಇಷ್ಟು ಸಣ್ಣ ಓಲಾಟ ಮೂರು ಇಂಚು ಗುರಿ ತಪ್ಪಿಸುತ್ತದೆಯೇ ಎಂಬ ಅನುಮಾನ ನನಗೂ ಇತ್ತು. ಲೆಕ್ಕ ಹಾಕಿದೆ. ಎರಡು ರಿಂಗ್‌ಗಳ ನಡುವಿನ ಅಂತರ ಐದು ಇಂಚು, ಅಂದರೆ 127 ಮಿಲಿಮೀಟರ್. ಮುಂದಿನ ರಿಂಗ್ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ, ಹೆಚ್ಚುಕಡಿಮೆ ಒಂದು ದಪ್ಪ ತಲೆಗೂದಲಿನಷ್ಟು, ಪಕ್ಕಕ್ಕೆ ಸರಿದರೆ 100 ಗಜದಲ್ಲಿ, ಅಂದರೆ 91.4 ಮೀಟರಿನಲ್ಲಿ, ಗುರಿ 72 ಮಿಲಿಮೀಟರ್ ಸರಿಯುತ್ತದೆ. ಅದು 2.8 ಇಂಚು. ನನ್ನ ಎರಡು ಗುಂಪುಗಳ ನಡುವಿನ ದೂರಕ್ಕೆ ಇದಕ್ಕಿಂತ ಹತ್ತಿರದ ಉತ್ತರ ಬೇಕಿರಲಿಲ್ಲ.

ಹೀಗಾಗಿ ಈ ಉಪಕರಣದ ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತು ಇದು: ಅದು ಅಳೆಯುವುದು ಸ್ಕ್ರೂ ತಿರುಗಲು ಒಡ್ಡುವ ತಡೆಯನ್ನೇ ಹೊರತು ಸ್ಕ್ರೂ ಹಿಡಿದಿರುವ ಹಿಡಿತವನ್ನಲ್ಲ. ಸ್ಕ್ರೂ ಬುಡಕ್ಕೆ ತಾಗಿದ್ದರೂ, ಮರೆಯಲ್ಲಿ ತುಕ್ಕೋ ಕಸವೋ ಇದ್ದರೂ, ಅಡ್ಡವಾಗಿ ಕೂತಿದ್ದರೂ ಅದು ಅದೇ ಟಕ್ ಶಬ್ದವನ್ನೇ ಮಾಡುತ್ತದೆ. ಇದು ಈ ಒಂದು ತಯಾರಿಕೆಯ ದೋಷವಲ್ಲ, ಟಾರ್ಕ್ ಅಳೆಯುವ ಯಾವ ಉಪಕರಣಕ್ಕೂ ಇರುವ ಮಿತಿ. ಆದರೆ ಇದನ್ನು ಕೊಳ್ಳುವ ಹೊಸಬರು ಟಕ್ ಎಂದ ಕೂಡಲೇ ಆ ಭಾಗವನ್ನು ಅನುಮಾನದ ಪಟ್ಟಿಯಿಂದ ತೆಗೆದುಹಾಕುತ್ತಾರೆ, ನಾನು ತೆಗೆದುಹಾಕಿದಂತೆ. ಪ್ರತಿ ಬೇಸನ್ನೂ ಒಂದೊಂದೇ ಸ್ಕ್ರೂ ಹಾಕಿ ಬಿಗಿದು ಬೆರಳಿನಿಂದ ಅಲ್ಲಾಡಿಸಿ ನೋಡುವುದಕ್ಕೆ ಐದು ನಿಮಿಷ ಸಾಕು, ಅದಕ್ಕೆ ಬಿಗಿ ಅಳೆಯುವ ಯಾವ ಉಪಕರಣವೂ ಬೇಡ.

ಸ್ಕ್ರೂಗಳನ್ನು ಅವುಗಳ ಜಾಗಕ್ಕೆ ಬದಲಾಯಿಸಿ, ಬೇಸ್ 20ಕ್ಕೆ, ರಿಂಗ್ 18ಕ್ಕೆ ಬಿಗಿದು, ಎರಡೆರಡು ನಿಮಿಷ ನಳಿಗೆ ಆರಲು ಬಿಡುತ್ತ ಹತ್ತು ಗುಂಡು ಹೊಡೆದೆ. ಒಂದೇ ಗುಂಪು ಬಿತ್ತು. ಹರವು ಎರಡು ಇಂಚಿಗಿಂತ ಸ್ವಲ್ಪ ಹೆಚ್ಚು. ಆಮೇಲೆ ಸ್ಕೋಪನ್ನು ಪರೀಕ್ಷಿಸಿದೆ: ಬಲಕ್ಕೆ 20 ಕ್ಲಿಕ್, ಮೇಲಕ್ಕೆ 20, ಎಡಕ್ಕೆ 20, ಕೆಳಕ್ಕೆ 20 ತಿರುಗಿಸುತ್ತ ಪ್ರತಿ ಮೂಲೆಯಲ್ಲೂ ಗುಂಡು ಹೊಡೆದು, ಚೌಕವೊಂದು ಮೂಡಿ ಕೊನೆಯ ಗುಂಡು ಮೊದಲನೆಯದರ ಪಕ್ಕಕ್ಕೇ ಬಂದು ಬೀಳುವುದೇ ಎಂದು ನೋಡುವ ಪರೀಕ್ಷೆ ಇದು. ಒಂದು ಕ್ಲಿಕ್ಕಿಗೆ ಕಾಲು ಎಂಒಎ (ಕೋನದ ಅಳತೆ; ಒಂದು ಎಂಒಎ ಎಂದರೆ 100 ಗಜದಲ್ಲಿ ಸುಮಾರು ಒಂದು ಇಂಚು) ಸರಿಯುವ ಸ್ಕೋಪಿನಲ್ಲಿ 100 ಗಜಕ್ಕೆ ಚೌಕದ ಬದಿ ಐದು ಇಂಚು ಚಿಲ್ಲರೆ ಬರಬೇಕು, ಬಂತು. ಹೊಸ ಸ್ಕೋಪ್ ಕೊಳ್ಳಿ ಎಂದು ಸಲಹೆ ಕೊಟ್ಟಿದ್ದ ಗೆಳೆಯರ ಮಾತು ಕೇಳಿದ್ದರೆ, ಅದನ್ನೂ ಅದೇ ಓಲಾಡುವ ಬೇಸ್ ಮೇಲೆ ಕೂರಿಸುತ್ತಿದ್ದೆ.

ಉಳಿದ ಹರವಿನಲ್ಲಿ ಅರ್ಧ ಇಂಚಿಗೆ ಹೊಣೆ ನಾನೇ. ನನ್ನ ಹೆಂಡತಿ ನನಗೆ ಕಾಣದಂತೆ ಕೆಲವೊಮ್ಮೆ ನಿಜವಾದ ತೋಟಾವನ್ನೂ ಕೆಲವೊಮ್ಮೆ ಮದ್ದಿಲ್ಲದ ಅಭ್ಯಾಸದ ತೋಟಾವನ್ನೂ ತುಂಬಿ ರೈಫಲ್ ಕೈಗೆ ಕೊಟ್ಟಳು. ಮದ್ದಿಲ್ಲದ ತೋಟಾ ಬಂದಾಗ ನಳಿಗೆಯ ತುದಿ ಕೆಳಕ್ಕೆ ಕುಸಿಯುವುದನ್ನು ಇಬ್ಬರೂ ನೋಡಿದೆವು. ಒದೆತಕ್ಕೆ ಹೆದರಿ ಹೆಗಲು ಮೊದಲೇ ಮುಂದೆ ನೂಕುವ ಈ ಚಾಳಿಗೆ ಸ್ಕ್ರೂಡ್ರೈವರಿನಲ್ಲಿ ಔಷಧವಿಲ್ಲ. ಆಕೆಗೆ ಆ ಚಾಳಿ ಇಲ್ಲವೆಂಬುದನ್ನೂ ಅದೇ ಸಂಜೆ ಆಕೆ ತೋರಿಸಿಕೊಟ್ಟಳು, ಅದರ ವಿವರ ಇಲ್ಲಿ ಅಪ್ರಸ್ತುತ.

ಉಪಕರಣದ ಬಗ್ಗೆ ಇನ್ನೆರಡು ಮಾತುಗಳಿವೆ. ಸಣ್ಣ ಬಿಗಿಗಳಲ್ಲಿ ಇದರ ನಿಖರತೆ ಹೆಚ್ಚುಕಡಿಮೆ 2 ಇಂಚ್-ಪೌಂಡ್. ಆಕ್ಷನ್ ಸ್ಕ್ರೂವಿನ 35ರಲ್ಲಿ ಅದು ನಗಣ್ಯ, ಆದರೆ ರಿಂಗಿನ 18ರಲ್ಲಿ ನೂರಕ್ಕೆ 11ರಷ್ಟಾಗುತ್ತದೆ. ಆದ್ದರಿಂದ ತೆಳು ಕೊಳವೆಯ ಸ್ಕೋಪ್ ಇರುವವರು ತಯಾರಕರು ಹೇಳಿದ ಗರಿಷ್ಠ ಅಂಕಿಗೆ ಹೊಂದಿಸದೆ ಒಂದೆರಡು ಕೆಳಗೆ ನಿಲ್ಲಿಸುವುದು ಜಾಣತನ. ನನ್ನ ಅನುಭವದಲ್ಲಿ ಎಲ್ಲ ಸ್ಕ್ರೂಗಳೂ ಒಂದೇ ಬಿಗಿಯಲ್ಲಿರುವುದು ಆ ಬಿಗಿಯ ಅಂಕಿ 17 ಇರಲಿ 18 ಇರಲಿ ಎಂಬುದಕ್ಕಿಂತ ದೊಡ್ಡದು, ಸಮಾನತೆಯ ಆ ಕೆಲಸವನ್ನು ಇದು ನಿಷ್ಠೆಯಿಂದ ಮಾಡುತ್ತದೆ. ಕೆಲಸ ಮುಗಿದ ಮೇಲೆ ಅಳತೆಯನ್ನು ಕನಿಷ್ಠಕ್ಕೆ ಇಳಿಸಿ ಎತ್ತಿಡಬೇಕು, ಇಲ್ಲದಿದ್ದರೆ ಸದಾ ಅದುಮಿಕೊಂಡಿರುವ ಸ್ಪ್ರಿಂಗ್ ಕಾಲಕ್ರಮದಲ್ಲಿ ಸೋಲುತ್ತದೆ. ಅಳತೆಯ ಗೆರೆಗಳನ್ನು ಓದಲು ಚಾಳೀಸಿನವರಿಗೆ ಒಳ್ಳೆಯ ಬೆಳಕು ಬೇಕು. ಅಂಕಿ ಮಿನುಗಿಸುವ ಡಿಜಿಟಲ್ ಮಾದರಿಯೂ ಇದೆ, ನಾನು ಬ್ಯಾಟರಿಯ ಗೊಡವೆ ಬೇಡವೆಂದು ಇದನ್ನೇ ಆರಿಸಿದೆ.

ಸ್ಕೋಪ್ ಇರುವ ರೈಫಲ್ ಒಂದಾದರೂ ಇರುವವರು, ಮುಖ್ಯವಾಗಿ ಅಂಗಡಿಯಲ್ಲಿ ಸ್ಕೋಪ್ ಕೂರಿಸಿಕೊಂಡು ಬಂದವರು, ಮೂರನೆಯ ಪೆಟ್ಟಿಗೆ ತೋಟಾ ಕೊಳ್ಳುವ ಮುಂಚೆ ಇದನ್ನು ಕೊಳ್ಳಬಹುದು. ಊರಿನಲ್ಲಿ ಜೋಡಿ ನಳಿಗೆಯ ಕೋವಿ ಮಾತ್ರ ಇರುವ ನೆಂಟರು ತರಿಸಿಕೊಡುವೆಯಾ ಎಂದು ಕೇಳಿದ್ದಾರೆ. ಅವರಿಗೆ ಇದರಿಂದ ಉಪಯೋಗವಿಲ್ಲವೆಂದು ಬರೆದಿದ್ದೇನೆ.

ಈಗ ಬಿಗಿದ ಪ್ರತಿ ಸ್ಕ್ರೂವಿನ ತಲೆಯಿಂದ ಪಕ್ಕದ ಉಕ್ಕಿನ ಮೇಲೆ ಹಾಯುವಂತೆ ನೇಲ್ ಪಾಲಿಶಿನಿಂದ ತೆಳುವಾದ ಗೆರೆ ಎಳೆದಿದ್ದೇನೆ. ಸ್ಕ್ರೂ ಕೂದಲಿನಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ, ಬಿಚ್ಚಿ ನೋಡುವ ಅಗತ್ಯವಿಲ್ಲ. ಈ ಋತುವಿನ ಮೊದಲ ಶನಿವಾರ ಬೆಳಗಿನ ಜಾವ ಟಾರ್ಚ್ ಬೆಳಕಿನಲ್ಲಿ ಎಲ್ಲ ಗೆರೆಗಳನ್ನೂ ನೋಡಿದೆ, ಒಂದೂ ಕದಲಿರಲಿಲ್ಲ. ಸಂಜೆಯವರೆಗೆ ಮರದ ಬುಡದಲ್ಲಿ ಕೂತಿದ್ದೆ, ಜಿಂಕೆ ಆ ಕಡೆ ಸುಳಿಯಲಿಲ್ಲ.